ಸ್ಲೀವ್ ಮಾಡಿಸಲು ಹೋಗಿ ಬೈಪಾಸ್ ಮಾಡಿಸಿಕೊಂಡೆ: ಮಂಗಳೂರಿನ ಎರಡು ಆಸ್ಪತ್ರೆಗಳ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ನಮಗೆ ದೊಡ್ಡ ಚಿಕಿತ್ಸೆ ಎಂದರೆ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದೇ ರೂಢಿ. ತೂಕ ಇಳಿಸುವ ಶಸ್ತ್ರಚಿಕಿತ್ಸೆಗಾಗಿ ನಾನು ಅಲ್ಲಿನ ಎರಡು ಆಸ್ಪತ್ರೆಗಳನ್ನು ಕಂಡೆ. ಸ್ಲೀವ್, ಬೈಪಾಸ್ ಎರಡೂ ಅದರ ವಿಧಗಳು: ಮೊದಲನೆಯದರಲ್ಲಿ ಜಠರವನ್ನು ಕಿರಿದಾಗಿಸುತ್ತಾರೆ, ಎರಡನೆಯದರಲ್ಲಿ ಆಹಾರದ ದಾರಿಯನ್ನೂ ಬದಲಿಸುತ್ತಾರೆ. ಶಸ್ತ್ರಚಿಕಿತ್ಸೆಯಾಗಿ ಈಗ ಹದಿನಾಲ್ಕು ತಿಂಗಳು. ಆಗ ನನ್ನ ಎತ್ತರ 160 ಸೆಂ.ಮೀ., ತೂಕ 112 ಕೆ.ಜಿ., ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 44ರ ಹತ್ತಿರ. ಒಂಬತ್ತು ವರ್ಷಗಳ ಸಕ್ಕರೆ ಕಾಯಿಲೆ, ಎರಡು ಹೊತ್ತು ಇನ್ಸುಲಿನ್, ಮೊಣಕಾಲು ನೋವು, ಮತ್ತು ರಾತ್ರಿ ಮಲಗಿದರೆ ಗಂಟಲವರೆಗೆ ಬರುವ ಹುಳಿತೇಗು ಇದ್ದವು. ಈ ಕೊನೆಯ ತೊಂದರೆಯನ್ನು ನಾನು ಕಾಯಿಲೆಯೆಂದೇ ಎಣಿಸಿರಲಿಲ್ಲ.

ಮೊದಲ ಆಸ್ಪತ್ರೆಯಲ್ಲಿ ನನ್ನೊಡನೆ ಮಾತನಾಡಿದವರು ವೈದ್ಯರಲ್ಲ, ಆಪ್ತಸಲಹೆಗಾರರು. ತೂಕ ನೋಡಿ, ಸ್ಲೀವ್ ಮಾಡಿಸಿದರೆ ಸಾಕೆಂದು ಹೇಳಿ, ಕೋಣೆಯ ಬಾಡಿಗೆಯೂ ಸೇರಿದ ಪ್ಯಾಕೇಜಿನ ದರಪಟ್ಟಿಯನ್ನು ಮುಂದಿಟ್ಟರು. ಎದೆಯುರಿ ಇದೆಯೇ, ನೋವಿನ ಗುಳಿಗೆ ನುಂಗುತ್ತೀರಾ ಎಂಬ ಎರಡು ಪ್ರಶ್ನೆಗಳನ್ನು ಅಲ್ಲಿ ಯಾರೂ ಕೇಳಲಿಲ್ಲ. ಆ ದಿನ ಮುಂಗಡ ಹಣ ಕಟ್ಟದೆ ಬಂದದ್ದಕ್ಕೆ ಕಾರಣ ನನ್ನ ಜಾಣ್ಮೆಯಲ್ಲ, ತಮ್ಮನ ಹಟ.

ಎರಡನೆಯ ಆಸ್ಪತ್ರೆಯ ಶಸ್ತ್ರವೈದ್ಯರು ಯಾವ ಶಸ್ತ್ರಚಿಕಿತ್ಸೆ ಎಂಬ ಮಾತನ್ನೇ ತೆಗೆಯದೆ ಮೊದಲು ಎಂಡೋಸ್ಕೋಪಿ ಬರೆದುಕೊಟ್ಟರು. ಅದರಲ್ಲಿ ಅನ್ನನಾಳದ ಕೆಳತುದಿ ಆಮ್ಲದಿಂದ ಹುಣ್ಣಾಗಿರುವುದೂ, ಜಠರದ ಮೇಲ್ಭಾಗ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ದಾಟಿ ಎದೆಗೂಡಿನತ್ತ ಸರಿದಿರುವುದೂ ಕಂಡುಬಂತು. ಆಮೇಲೆ ಕಾಗದದ ಮೇಲೆ ಚಿತ್ರ ಬರೆದು ಅವರು ವಿವರಿಸಿದ ರೀತಿಗಾಗಿಯೇ ಈ ವಿಮರ್ಶೆಯನ್ನು ಬರೆಯಬೇಕೆನಿಸಿತು.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಹಣ್ಣಿನಷ್ಟು ಸಪೂರದ ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ತೆಗೆದ ಭಾಗದಲ್ಲೇ ಆದುದರಿಂದ ಹಸಿವೂ ಇಳಿಯುತ್ತದೆ. ಕರುಳನ್ನು ಮುಟ್ಟುವುದಿಲ್ಲ, ಶಸ್ತ್ರಚಿಕಿತ್ಸೆ ಬೇಗ ಮುಗಿಯುತ್ತದೆ, ಪೋಷಕಾಂಶಗಳ ಕೊರತೆಯೂ ಬೈಪಾಸಿಗಿಂತ ಕಡಿಮೆ. ಆದರೆ ಕೊಳವೆಯೊಳಗಿನ ಒತ್ತಡ ಹೆಚ್ಚುವುದರಿಂದ ಎದೆಯುರಿ ಇದ್ದವರಿಗೆ ಅದು ಉಲ್ಬಣಿಸಬಹುದು, ಇಲ್ಲದವರಿಗೆ ಹೊಸದಾಗಿ ಹುಟ್ಟಲೂಬಹುದು. ತೆಗೆದ ಜಠರವನ್ನು ಮತ್ತೆ ಜೋಡಿಸುವ ದಾರಿಯಂತೂ ಇಲ್ಲ.

ಬೈಪಾಸ್ ಎಂದರೆ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಚಿಕ್ಕ ಚೀಲವನ್ನು ಮಾಡಿ, ಸಣ್ಣ ಕರುಳನ್ನು ಕತ್ತರಿಸಿ ಅದಕ್ಕೆ ಹೊಲಿಯುವುದು. ಉಳಿದ ಜಠರ ಹೊಟ್ಟೆಯೊಳಗೇ ಇರುತ್ತದೆ, ಆದರೆ ಆಹಾರ ಅದರ ಮೂಲಕ ಹಾಯುವುದಿಲ್ಲ. ಆಮ್ಲ ಮೇಲೇರುವುದು ಬಹುಮಟ್ಟಿಗೆ ನಿಲ್ಲುತ್ತದೆ, ಸಕ್ಕರೆ ಕಾಯಿಲೆಯ ಮೇಲೆ ಹಿಡಿತವೂ ಚೆನ್ನಾಗಿ ಬರುತ್ತದೆ. 2018ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಐದು ವರ್ಷಗಳ ಅಧ್ಯಯನದಲ್ಲಿ ಸ್ಲೀವ್ ಮತ್ತು ಬೈಪಾಸ್ ಗುಂಪುಗಳ ನಡುವೆ ತೂಕ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣದಿದ್ದರೂ, ಮೊದಲೇ ಆಮ್ಲದ ತೊಂದರೆ ಇದ್ದವರಲ್ಲಿ ಅದು ಉಲ್ಬಣಿಸಿದ್ದು ಸ್ಲೀವ್ ಮಾಡಿಸಿಕೊಂಡವರಲ್ಲೇ ಹೆಚ್ಚು. ನನ್ನ ಪಾಲಿಗೆ ನಿರ್ಣಾಯಕವಾದದ್ದು ಈ ಅಂಶವೇ.

ಇಷ್ಟಾದರೂ ವೈದ್ಯರು ಬೈಪಾಸನ್ನು ನನ್ನ ಮೇಲೆ ಹೇರಲಿಲ್ಲ. ಮೊಣಕಾಲಿಗಾಗಿ ನಾನು ವಾರಕ್ಕೆ ಮೂರು ನಾಲ್ಕು ಡೈಕ್ಲೊಫೆನಾಕ್ ಎಂಬ ನೋವಿನ ಗುಳಿಗೆ ನುಂಗುತ್ತಿದ್ದೆ. ಬೈಪಾಸಿನ ನಂತರ ಇಂಥ ಗುಳಿಗೆಗಳು ಚೀಲವೂ ಕರುಳೂ ಕೂಡುವಲ್ಲಿ ಹುಣ್ಣನ್ನು ಉಂಟುಮಾಡಬಹುದು, ಹೊಗೆಸೊಪ್ಪೂ ಅಷ್ಟೇ ಅಪಾಯಕಾರಿ. ಗುಳಿಗೆಯನ್ನು ಜೀವಮಾನವಿಡೀ ಬಿಡಲು ಸಾಧ್ಯವೇ ಎಂದು ಯೋಚಿಸಿ ಬನ್ನಿ ಎಂದು ಮೂರು ವಾರಗಳ ಕಾಲಾವಕಾಶ ಕೊಟ್ಟರು. ಆ ಮೂರು ವಾರ ಪ್ಯಾರಸಿಟಮಾಲ್ ಮತ್ತು ಎಣ್ಣೆಯ ತಿಕ್ಕುವಿಕೆಯಲ್ಲಿ ಕಳೆದೆ. ಸಾಧ್ಯವಿದೆ ಎಂದು ಮನವರಿಕೆಯಾದ ಮೇಲೆಯೇ ಒಪ್ಪಿದೆ. ಒಂದೇ ಜೋಡಣೆಯ ಮಿನಿ ಬೈಪಾಸನ್ನೂ ಕೇಳಿ ನೋಡಿದ್ದೆ. ಅದರಲ್ಲಿ ಪಿತ್ತರಸ ಮೇಲೆ ಬರುವ ಸಾಧ್ಯತೆಯಿದ್ದುದರಿಂದ ನನ್ನಂಥ ಅನ್ನನಾಳಕ್ಕೆ ಅದು ಹಿತವಲ್ಲವೆಂದರು. ಹೊಟ್ಟೆಯೊಳಗೆ ಊದಿಸುವ ಬಲೂನನ್ನು ಸಾಮಾನ್ಯವಾಗಿ 6 ತಿಂಗಳಲ್ಲಿ ತೆಗೆಯಬೇಕು, ಜಠರದ ಸುತ್ತ ಬಿಗಿಯುವ ಬ್ಯಾಂಡ್ ಅನ್ನು ಈಗ ಹಾಕುವವರೇ ಅಪರೂಪ.

ಖರ್ಚು ಸ್ಲೀವಿನ ಪ್ಯಾಕೇಜಿಗಿಂತ ಸುಮಾರು 80,000 ರೂಪಾಯಿ ಹೆಚ್ಚಾಯಿತು. ವಿಮೆ ಇರುವವರು ತಿಳಿದಿರಬೇಕಾದ ಸಂಗತಿಯೆಂದರೆ, ಬಿಎಂಐ 40 ಅಥವಾ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಹೆಚ್ಚಿದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ಗಂಭೀರ ತೊಂದರೆ ಇದ್ದರೆ ಮಾತ್ರ ಕಂಪೆನಿಗಳು ಈ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುತ್ತವೆ. ಪಥ್ಯ, ವ್ಯಾಯಾಮಗಳು ಫಲ ಕೊಡಲಿಲ್ಲವೆಂಬ ದಾಖಲೆಯನ್ನೂ ಕೇಳುತ್ತವೆ. ಊರಿನ ವೈದ್ಯರ ಹಳೆಯ ಚೀಟಿಗಳನ್ನು ಜೋಪಾನವಾಗಿ ಇಟ್ಟಿದ್ದರಿಂದ ನನಗೆ ಅನುಕೂಲವಾಯಿತು.

ಎರಡನೆಯ ಆಸ್ಪತ್ರೆಯಲ್ಲಿ ಕೊರತೆ ಕಂಡದ್ದು ಆಹಾರದ ಪಟ್ಟಿಯಲ್ಲಿ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕೆಂದು ಬರೆದು, ಅದಕ್ಕೆ ಮೊಟ್ಟೆಯ ಬಿಳಿ ಮತ್ತು ಕೋಳಿ ಸೂಪು ಎಂದು ಅಚ್ಚು ಹಾಕಿಸಿದ ಇಂಗ್ಲಿಷ್ ಕಾಗದವನ್ನು ಸಸ್ಯಾಹಾರಿಯಾದ ನನ್ನ ಕೈಗಿತ್ತರು. ಮನೆಯಲ್ಲಿ ಅಮ್ಮ ಪ್ರೀತಿಯಿಂದ ಕೊಡುತ್ತಿದ್ದ ಕುಚ್ಚಲಕ್ಕಿ ಗಂಜಿಯ ತೆಳಿ ಹೊಟ್ಟೆಗೆ ಹಿತವಾಗಿದ್ದರೂ ಅದರಲ್ಲಿ ಪ್ರೋಟೀನ್ ನಗಣ್ಯ. ಫೋನಿನಲ್ಲಿ ಎರಡು ಸಲ ಕೇಳಿದ ಬಳಿಕ ಆಹಾರತಜ್ಞೆ ತೆಳ್ಳಗಿನ ಹೆಸರುಬೇಳೆ ತೊವ್ವೆ, ಮೊಸರು, ಪನೀರು, ಪ್ರೋಟೀನ್ ಪುಡಿ ಎಂದು ಹೊಸ ಪಟ್ಟಿಯನ್ನು ಕನ್ನಡದಲ್ಲೇ ಬರೆದು ಕಳುಹಿಸಿದರು. ಈ ಕೆಲಸ ಮೊದಲ ದಿನವೇ ಆಗಬೇಕಿತ್ತು.

ಈಗ ನನ್ನ ತೂಕ 78 ಕೆ.ಜಿ. ಇನ್ಸುಲಿನ್ ನಿಂತಿದೆ, ಒಂದು ಗುಳಿಗೆ ಉಳಿದಿದೆ, ರಾತ್ರಿ ಒಂದೇ ದಿಂಬಿನಲ್ಲಿ ಮಲಗುತ್ತೇನೆ. ನಾಲ್ಕನೆಯ ತಿಂಗಳಲ್ಲಿ ಕುಂಬಳೆಯ ಮದುವೆಯೊಂದರಲ್ಲಿ ಅರ್ಧ ಲೋಟ ಪಾಯಸ ಕುಡಿದು, ಹತ್ತು ನಿಮಿಷದೊಳಗೆ ಬೆವರಿ, ಎದೆ ಹೊಡೆದುಕೊಂಡು, ಕುರ್ಚಿಯಲ್ಲೇ ಒರಗಬೇಕಾಯಿತು. ಸಿಹಿ ಒಮ್ಮೆಲೇ ಕರುಳಿಗೆ ಇಳಿದಾಗ ಹೀಗಾಗುತ್ತದೆ ಎಂದು ಶಸ್ತ್ರವೈದ್ಯರು ಮೊದಲೇ ಎಚ್ಚರಿಸಿದ್ದರು. ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12 ಇವೆಲ್ಲ ನನಗೆ ಜೀವನಪರ್ಯಂತ ಬೇಕು. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ.

ಆದುದರಿಂದಲೇ ಗಡಿಯ ಈಚೆಗಿರುವವರು ಒಂದು ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಕೇಳಬೇಕು. 2020ರ ಮಾರ್ಚಿನಲ್ಲಿ ಕೊರೋನಾ ಹೊತ್ತಿಗೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನಮಗೆ ಮರೆತಿಲ್ಲ. ಅಂಥ ಹೊತ್ತು ಮತ್ತೆ ಬಂದರೆ ನನ್ನನ್ನು ನೋಡುವವರು ಯಾರು ಎಂದು ವಿಚಾರಿಸಿದಾಗ ಶಸ್ತ್ರವೈದ್ಯರು, ನನ್ನ ಹೊಟ್ಟೆಯೊಳಗಿನ ಜೋಡಣೆಯ ಚಿತ್ರ, ಬಿಡಬೇಕಾದ ಗುಳಿಗೆಗಳ ಹೆಸರು, ಮಾಡಿಸಬೇಕಾದ ಪರೀಕ್ಷೆಗಳ ಪಟ್ಟಿ ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು, ಬದಿಯಡ್ಕದ ನಮ್ಮ ವೈದ್ಯರ ಹೆಸರಿಗೆ ಪತ್ರ ಮಾಡಿ ಕೊಟ್ಟರು. ಅದರ ಒಂದು ಪ್ರತಿ ನನ್ನ ಚೀಲದಲ್ಲಿದೆ, ಇನ್ನೊಂದು ತಮ್ಮನಲ್ಲಿದೆ.