ಹಂಪಿಯ ಅರ್ಧ ದಿನದ ಆಟೋ ಗೈಡ್: ಅಹ್ಮದ್ ಖಾನ್ ಮಸೀದಿಗೇ ದುಡ್ಡು ವಸೂಲ್

ಬಳ್ಳಾರಿಯವರಿಗೆ ಹಂಪಿ ಅಂದರೆ ನೆಂಟರು ಬಂದಾಗ ತೋರಿಸುವ ಜಾಗ, ಅಷ್ಟೇ. ನಾವೂ ಹಾಗೇ ಹೊರಟಿದ್ದೆವು. ಹೊಸಪೇಟೆಯಲ್ಲಿ ರೈಲು ಇಳಿದು, ಆಟೋ ಓಡಿಸುತ್ತಾ ತಾವೇ ವಿವರಣೆ ಕೊಡುವ ಒಬ್ಬರನ್ನು ಅರ್ಧ ದಿನಕ್ಕೆ ಗೊತ್ತು ಮಾಡಿದೆವು. ಐದಕ್ಕೆ ನಾಲ್ಕು ಕೊಡುತ್ತೇನೆ. ಕಲ್ಲಿನ ರಥ ತೋರಿಸಿದ್ದಕ್ಕಲ್ಲ, ಅದನ್ನು ಯಾರು ಬೇಕಾದರೂ ತೋರಿಸುತ್ತಾರೆ. ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋಗುವಾಗ ಜಾಸ್ತಿ ಜನ ನಿಲ್ಲಿಸದೇ ದಾಟಿ ಹೋಗುವ ಅಹ್ಮದ್ ಖಾನ್ ಮಸೀದಿಗೆ ಕರೆದುಕೊಂಡು ಹೋಗಿದ್ದಕ್ಕೆ.

ಅಲ್ಲಿ ಇಳಿಸಿ ಮೊದಲು ಏನೂ ಹೇಳಲಿಲ್ಲ. "ಇದು ಏನಿರಬಹುದು ಹೇಳ್ರಿ ನೋಡೋಣ" ಅಂದರು. ನಮ್ಮ ಮಾವ "ಯಾವುದೋ ಗುಡಿಯ ಮಂಟಪ ಅಲ್ವಾ" ಅಂದರು. ಯಾರಿಗಾದರೂ ಹಾಗೇ ಅನಿಸುತ್ತೆ ಬಿಡಿ. ಗುಮ್ಮಟ ಇಲ್ಲ, ಮಿನಾರ್ ಇಲ್ಲ, ಕಮಾನೂ ಇಲ್ಲ. ಕಲ್ಲಿನ ಕಂಬ, ಕಂಬದ ತಲೆಗೆ ಬೋದಿಗೆ, ಮೇಲೆ ತೊಲೆ, ಚಪ್ಪಟೆ ಚಾವಣಿ, ಎಲ್ಲಾ ನಮ್ಮ ಕಡೆ ಮಂಟಪಗಳ ಹಾಗೇ. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಹಿಂದಿನ ಗೋಡೆಯಲ್ಲಿರುವ ಗೂಡು ತೋರಿಸಿದರು. ನಮಾಜಿಗೆ ಯಾವ ದಿಕ್ಕಿಗೆ ನಿಲ್ಲಬೇಕು ಅಂತ ತೋರಿಸುವ ಮಿಹ್ರಾಬ್ ಅದು. ಅದೊಂದು ಬಿಟ್ಟರೆ ಮಸೀದಿ ಅಂತ ಗೊತ್ತಾಗುವುದೇ ಕಷ್ಟ. ಗುಡಿ ಕಟ್ಟುತ್ತಿದ್ದ ಕೆಲಸಗಾರರೇ ಇದನ್ನೂ ಕಟ್ಟಿರಬೇಕು ಅಂತ ನನಗನಿಸಿತು.

ಇಲ್ಲಿನ ಶಾಸನ ಕನ್ನಡದಲ್ಲಿದೆ, 1439ರದ್ದು. ವಿಜಯನಗರದ ದೊರೆ ಇಮ್ಮಡಿ ದೇವರಾಯನ ಕೈಕೆಳಗಿದ್ದ ಅಹ್ಮದ್ ಖಾನ್, ದೊರೆಗೆ ಪುಣ್ಯ ಬರಲಿ ಅಂತ ಈ ಮಸೀದಿ ಕಟ್ಟಿಸಿದ; ಶಾಸನದಲ್ಲಿ ಇದನ್ನು ಧರ್ಮಸಾಲೆ ಅಂತ ಕರೆದಿದ್ದಾರೆ. ಬಹಮನಿಗಳ ಜೊತೆ ಮೇಲಿಂದ ಮೇಲೆ ಯುದ್ಧ ಆಗುತ್ತಿದ್ದ ಕಾಲ ಅದು. ಅವರ ಕುದುರೆ ಸವಾರರು, ಬಿಲ್ಲುಗಾರರು ಎಷ್ಟು ಜೋರು ಅಂತ ನೋಡಿದ ದೇವರಾಯ ತನ್ನ ಸೈನ್ಯಕ್ಕೂ ಮುಸ್ಲಿಮರನ್ನು ಸೇರಿಸಿಕೊಂಡ, ಅವರು ನಮಸ್ಕರಿಸಲಿ ಅಂತ ಸಿಂಹಾಸನದ ಮುಂದೆ ಕುರಾನ್ ಇಡಿಸುತ್ತಿದ್ದ ಅಂತ ಆಮೇಲಿನ ಕಾಲದ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಇದನ್ನೆಲ್ಲ ನಮ್ಮ ಗೈಡ್ ಅವಸರ ಇಲ್ಲದೆ, ಮಾವನ ಪ್ರಶ್ನೆಗಳಿಗೆ ನಿಂತು ನಿಂತು ಉತ್ತರ ಕೊಡುತ್ತಾ ಹೇಳಿದರು. ಹಂಪಿಯಲ್ಲಿ ಏನು ಕೇಳಿದರೂ "ಕೃಷ್ಣದೇವರಾಯ ಕಟ್ಟಿಸಿದ್ದು ಸರ್" ಅನ್ನುವವರೇ ಜಾಸ್ತಿ, ಗೊತ್ತಲ್ಲ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ, ಅಷ್ಟರಲ್ಲಿ ಈ ಮಸೀದಿಗೆ ಎಪ್ಪತ್ತು ವರ್ಷ ಆಗಿತ್ತು.

ಒಂದು ಅಂಕ ಯಾಕೆ ಕಡಿಮೆ? ಪಕ್ಕದ ಗೋರಿಗೆ ಗುಮ್ಮಟವೂ ಇದೆ, ಕಮಾನೂ ಇದೆ, ಮಸೀದಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳುವುದಕ್ಕೆ ಎಷ್ಟು ಚೆನ್ನಾಗಿತ್ತು! ಆದರೆ ಊಟದ ಹೊತ್ತಾಯಿತು ಅಂತ ಅಲ್ಲಿಂದ ಎಬ್ಬಿಸಿಬಿಟ್ಟರು. ಅಷ್ಟು ಅವಸರ ಮಾಡಿದವರು ಆಮೇಲೆ ನಾವು ಕೇಳದೇ ಒಂದು ಗೊಂಬೆ ಅಂಗಡಿ ಮುಂದೆ ಆಟೋ ನಿಲ್ಲಿಸಿದರು.

ಯಾರನ್ನೇ ಗೊತ್ತು ಮಾಡಿದರೂ ಮಸೀದಿಗೂ ಗೋರಿಗೂ ಸೇರಿ ಒಂದು ಗಂಟೆ ಬೇಕು, ಅಂಗಡಿ ಬೇಡ ಅಂತ ದರ ಮಾತಾಡುವಾಗಲೇ ಹೇಳಿಬಿಡಿ.