ಕುಂಡದ ನೊರಜಿಗೆ ಅಂಟು ಹಾಳೆ, ಮರಳು, ಬಿಟಿಐ: ಮೂರನ್ನೂ ಮಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಗಲಿಯ ಹನ್ನೊಂದು ಆಂಥೂರಿಯಂ ಕುಂಡಗಳಿಂದ ನೊರಜು ತೊಲಗಿದ್ದು ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿಯಿಂದ. ಮಿಕ್ಕವು ಜೊತೆಗಿದ್ದವು, ಅಷ್ಟೆ.

ತೀರ್ಥಹಳ್ಳಿ ಕಡೆ ಮಳೆ ಹಿಡಿದುಕೊಂಡರೆ ಕುಂಡಗಳೆಲ್ಲ ಅಂಗಳದಿಂದ ಜಗಲಿಗೆ ಬರುತ್ತವೆ. ಒಳಗಿರುವುದು ತೆಂಗಿನ ನಾರಿನ ಪುಡಿ, ಅರೆಕೊಳೆತ ಅಡಿಕೆ ಸಿಪ್ಪೆ, ಕೊಟ್ಟಿಗೆ ಗೊಬ್ಬರ. ಮೇಲಿಂದ ಅತ್ತೆಯವರು ದಿನಾ ಅಕ್ಕಿ ತೊಳೆದ ನೀರು ಹಾಕುತ್ತಿದ್ದರು. ನೊರಜಿನ ಮರಿಹುಳಕ್ಕೆ ಬೇಕಾದ್ದು ಒದ್ದೆ ಮಣ್ಣಿನ ಬೂಷ್ಟು; ಸಂಖ್ಯೆ ಹೆಚ್ಚಾದರೆ ಎಳೆಬೇರಿಗೂ ಬಾಯಿ ಹಾಕುತ್ತದೆ. ಜುಲೈ ಹೊತ್ತಿಗೆ ಕಾಫಿ ಲೋಟದೊಳಗೂ ನೊರಜು ಬೀಳತೊಡಗಿತು.

‘ಮಣ್ಣು ಒಣಗಲು ಬಿಡಿ’ ಎನ್ನುವ ಸಲಹೆ ಇಲ್ಲಿ ನಡೆಯುವುದಿಲ್ಲ. ಆಷಾಢದಲ್ಲಿ ಬಟ್ಟೆಗೇ ಒಲೆಯ ಬಿಸಿ ಬೇಕು.

ಹಳದಿ ಅಂಟು ಹಾಳೆ ಅಗ್ಗ. ಎರಡೇ ದಿನಕ್ಕೆ ಕಪ್ಪಾಗುವಷ್ಟು ನೊರಜು ಹಿಡಿಯಿತು. ಆದರೆ ಹಾರುವ ನೊರಜು ಬದುಕುವುದೇ ಒಂದು ವಾರದ ಆಚೀಚೆ. ಅಷ್ಟರಲ್ಲಿ ಒಂದು ಹೆಣ್ಣು ನೂರಕ್ಕೂ ಮಿಕ್ಕಿ ಮೊಟ್ಟೆ ಇಟ್ಟಿರಬಹುದು. ಮಣ್ಣಿನೊಳಗಿನ ಸಂತತಿಗೆ ಹಾಳೆ ಏನೂ ಮಾಡದು. ಬೇವಿನೆಣ್ಣೆಯನ್ನು ವಾಸನೆಗೆ ಹೆದರಿ ಒಂದೇ ಸಲಕ್ಕೆ ಬಿಟ್ಟೆ.

ಇನ್ನು ಬಿಟಿ. ಅದೊಂದು ಬ್ಯಾಕ್ಟೀರಿಯಾ, ಹುಳ ಅದನ್ನು ತಿಂದರೆ ಕರುಳು ಹಾಳಾಗಿ ಸಾಯುತ್ತದೆ ಎಂದು ಓದಿಕೊಂಡು, ಪೇಟೆಯ ಗೊಬ್ಬರದಂಗಡಿಯಲ್ಲಿ ‘ಬಿಟಿ ಕೊಡಿ’ ಎಂದೆ. ಕೊಟ್ಟರು, ₹280. ಮೂರು ವಾರ ತಪ್ಪದೆ ಹೊಯ್ದೆ. ನೊರಜು ಒಂದಿಷ್ಟೂ ಕಡಿಮೆಯಾಗಲಿಲ್ಲ. ಅನುಮಾನ ಬಂದು ಆಲೂಗಡ್ಡೆಯ ಬಿಲ್ಲೆ ಕತ್ತರಿಸಿ ಮಣ್ಣಿನ ಮೇಲೆ ಬೋರಲು ಇಟ್ಟೆ. ಮೂರನೆಯ ದಿನ ಎತ್ತಿ ನೋಡಿದರೆ ಅಡಿಯಲ್ಲಿ ಕಪ್ಪು ತಲೆಯ, ಗಾಜಿನಂಥ ಬಿಳಿ ಹುಳುಗಳು ಜೀವಂತ ಹರಿದಾಡುತ್ತಿದ್ದವು.

ಆಮೇಲೆ ಬಾಟಲಿಯ ಸಣ್ಣ ಅಕ್ಷರ ಓದಿದೆ: ‘ಕುರ್ಸ್ಟಾಕಿ’. ಅದು ಎಲೆಕೋಸು ತಿನ್ನುವ ಕಂಬಳಿಹುಳದ ಜಾತಿಗೆ. ಚಿಟ್ಟೆ, ಪತಂಗಗಳ ಮರಿ ಸಾಯುತ್ತವೆ, ನೊರಜಿನ ಮರಿಗೆ ಏನೂ ಆಗದು. ನಮಗೆ ಬೇಕಾದ್ದು ‘ಇಸ್ರೇಲೆನ್ಸಿಸ್’, ಅಂದರೆ ಬಿಟಿಐ; 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿದ್ದು, ಸೊಳ್ಳೆ ಮರಿ ಕೊಲ್ಲಲು ಬಳಸುವಂಥದ್ದು. ಎರಡಕ್ಕೂ ಬಿಟಿ ಎಂಬ ಒಂದೇ ಕರೆಹೆಸರು. ಅಂಗಡಿಯವರು ಯಾವ ಹುಳಕ್ಕೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಮೂರು ವಾರದಲ್ಲಿ ಎರಡು ಎಳೆ ಗಿಡ ಬೇರು ಕೊಳೆತು ಹೋದವು. ಅದರಲ್ಲೊಂದು ಅಮ್ಮ ತವರಿಂದ ಕೊಟ್ಟು ಕಳಿಸಿದ ಬಿಳಿ ಹೂವಿನದ್ದು. ಅದರ ನೋವು ಇನ್ನೂ ಇದೆ.

ಬಿಟಿಐ ಶಿವಮೊಗ್ಗದಲ್ಲೂ ಸಿಗದೆ ಆನ್‌ಲೈನ್‌ನಲ್ಲಿ ತರಿಸಿದೆ, ₹350. ಪೊಟ್ಟಣದಲ್ಲಿದ್ದ ಅಳತೆಯಂತೆ ನೀರಿಗೆ ಕಲಸಿ ವಾರಕ್ಕೊಮ್ಮೆ, ನಾಲ್ಕು ವಾರ ಹೊಯ್ದೆ. ಅದು ಮೊಟ್ಟೆಗೂ, ಮರಿಹುಳ ನೊರಜಾಗುವ ಮುಂಚಿನ ಕೋಶಕ್ಕೂ ತಾಗುವುದಿಲ್ಲ. ಆದ್ದರಿಂದ ಹೊಸದಾಗಿ ಒಡೆದ ಮರಿಗೆ ಸಿಗುವ ಹಾಗೆ ಮತ್ತೆ ಮತ್ತೆ ಹಾಕಲೇಬೇಕು. ಎರಡನೇ ವಾರ ಆಲೂಗಡ್ಡೆಯಡಿ ನಾಲ್ಕೈದು ಹುಳ, ನಾಲ್ಕನೇ ವಾರ ಒಂದೂ ಇಲ್ಲ.

ಮರಳೂ ಒಳ್ಳೆಯದೇ. ಬೆರಳಿನ ಒಂದು ಗೆಣ್ಣಿನಷ್ಟು ದಪ್ಪ ಹರಡಿದರೆ ಮೇಲ್ಪದರ ಬೇಗ ಆರುತ್ತದೆ, ಮೊಟ್ಟೆಯಿಡಲು ಜಾಗ ಸಿಗದು. ಆದರೆ ನೀರನ್ನು ತಟ್ಟೆಯಲ್ಲಿಟ್ಟು ಕೆಳಗಿಂದ ಕುಡಿಸಬೇಕು. ಚೊಂಬಿನಿಂದ ಹೊಯ್ಯುವ ಮನೆಯಲ್ಲಿ ಮರಳು ಮಣ್ಣಿನೊಳಗೆ ಇಳಿದುಹೋಗುತ್ತದೆ. ನಮ್ಮಲ್ಲಿ ಹಾಗೇ ಆಯಿತು.

ಕುಂಡ ಒಂದೆರಡೇ ಇದ್ದು, ತಾಳ್ಮೆಯಿದ್ದರೆ ಮರಳು, ಅಂಟು ಹಾಳೆ ಸಾಕು. ನಾನು ಮುಂದಿನ ಮಳೆಗಾಲಕ್ಕೂ ಬಿಟಿಐ ತರಿಸಿಟ್ಟಿದ್ದೇನೆ. ಒಂದೇ ಒಂದು ಹಳದಿ ಹಾಳೆ ಮಾತ್ರ ಕಿಟಕಿಯ ಬಳಿ ತೂಗುತ್ತಿದೆ, ನೊರಜು ಮತ್ತೆ ಬಂದರೆ ಗೊತ್ತಾಗಲಿ ಎಂದು. ಅಕ್ಕಿ ತೊಳೆದ ನೀರನ್ನು ಅತ್ತೆಯವರು ಈಗ ಹಿತ್ತಿಲ ಬಸಳೆಗೆ ಹಾಕುತ್ತಾರೆ.