ಡಬ್ಬದ ಮೇಲೆ ‘ಹಾರ್ಡ್‌ವೇರ್ ಮೋಡೆಮ್’ ಅಂತಿದ್ದರೆ ನಂಬಿ ದುಡ್ಡು ಕೊಡಬೇಡಿ

ಲಿನಕ್ಸ್ ಮೆಷಿನ್‌ಗೆ ಫೋನ್ ಲೈನಿಗೆ ಸಿಕ್ಕಿಸುವ 56ಕೆ (ಸೆಕೆಂಡಿಗೆ 56 ಕಿಲೋಬಿಟ್ ವೇಗದ) ಮೋಡೆಮ್ ಹುಡುಕುತ್ತಿದ್ದೀರಾ? ಕೊಳ್ಳುವ ಮುಂಚೆ ಇದನ್ನು ಓದಿ. ಈ ಕಾಲದಲ್ಲಿ ಯಾರಿಗಪ್ಪಾ ಮೋಡೆಮ್ ಬೇಕು ಅಂತ ನಗಬೇಡಿ. ಪೀಣ್ಯದ ನಮ್ಮ ವರ್ಕ್‌ಶಾಪ್‌ಗೆ ಜಪಾನಿನ ಗಿರಾಕಿಯೊಬ್ಬರಿದ್ದಾರೆ. ಅವರ ಆರ್ಡರ್ ಇವತ್ತಿಗೂ ಫ್ಯಾಕ್ಸ್‌ನಲ್ಲೇ ಬರುತ್ತದೆ. ನಮ್ಮ ಫ್ಯಾಕ್ಸ್ ಮಿಷನ್ ಕೈಕೊಟ್ಟಿತು. ಡೆಬಿಯನ್ ಲಿನಕ್ಸ್ ಹಾಕಿದ ಹಳೇ ಪಿಸಿ ಒಂದು ಸುಮ್ನೆ ಕೂತಿತ್ತು. ಅದಕ್ಕೊಂದು ಮೋಡೆಮ್ ಸಿಕ್ಕಿಸಿ ಹೈಲಾಫ್ಯಾಕ್ಸ್ ಎಂಬ ಫ್ಯಾಕ್ಸ್ ಸಾಫ್ಟ್‌ವೇರ್ ಓಡಿಸೋಣ ಅಂತ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಪೇಟೆ ಎಸ್.ಪಿ. ರೋಡಿಗೆ ಹೋದೆ.

“ವಿನ್‌ಮೋಡೆಮ್ ಬೇಡ, ಹಾರ್ಡ್‌ವೇರ್ ಮೋಡೆಮೇ ಬೇಕು” ಅಂತ ಅಂಗಡಿಯವರಿಗೆ ಬಿಡಿಸಿ ಹೇಳಿದೆ. (ತನ್ನ ಕೆಲಸವನ್ನು ಕಂಪ್ಯೂಟರಿನ ಸಾಫ್ಟ್‌ವೇರ್‌ಗೆ, ಸಾಮಾನ್ಯವಾಗಿ ವಿಂಡೋಸ್‌ಗೆ, ಬಿಡುವ ಮೋಡೆಮೇ ವಿನ್‌ಮೋಡೆಮ್.) “ಅದೇ ಸಾರ್ ಇದು, ಲಿನಕ್ಸಲ್ಲೂ ಓಡತ್ತೆ” ಅಂತ ಕಂಪ್ಯೂಟರ್ ಒಳಗೆ ಕೂರಿಸುವ ಒಂದು ಪಿಸಿಐ ಕಾರ್ಡಿನ ಡಬ್ಬ ತಿರುಗಿಸಿ ತೋರಿಸಿದರು. ಅದರ ಮೇಲೆ ಲಿನಕ್ಸ್‌ನ ಗುರುತಾದ ಪೆಂಗ್ವಿನ್ ಚಿತ್ರ ಬೇರೆ! ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ, ಮಾರಿದ ಮಾಲು ವಾಪಸ್ ಇಲ್ಲ.

ಕಾರ್ಡ್ ಹಾಕಿ, ಒಳಗಿರುವ ಕಾರ್ಡುಗಳ ಹೆಸರು ಹೇಳುವ ‘ಎಲ್‌ಎಸ್‌ಪಿಸಿಐ’ (lspci) ಕಮಾಂಡ್ ಕೊಟ್ಟರೆ ಬಂದದ್ದು ‘ಎಚ್‌ಎಸ್‌ಎಫ್ 56ಕೆ’. ಗೊತ್ತಿರುವವರಿಗೆ ಇಷ್ಟೇ ಸಾಕು. ಮೋಡೆಮ್ ಮಾಡುವ ಕೆಲಸ ಎರಡು. ಡೇಟಾವನ್ನು ಫೋನ್ ಲೈನಿಗೆ ಹೋಗುವ ಸದ್ದಾಗಿ ಮಾಡುವುದು ಒಂದು, ಡಯಲ್ ಮಾಡು ಎಂಬಂಥ ‘ಎಟಿ’ (AT) ಕಮಾಂಡ್‌ಗಳನ್ನು ಅರ್ಥ ಮಾಡಿಕೊಳ್ಳುವುದು ಇನ್ನೊಂದು. ಅಸಲಿ ಹಾರ್ಡ್‌ವೇರ್ ಮೋಡೆಮ್ ಎರಡನ್ನೂ ತಾನೇ ಮಾಡುತ್ತದೆ. ಎಚ್‌ಎಸ್‌ಎಫ್ ಜಾತಿಯದು ವಿನ್‌ಮೋಡೆಮ್, ಎರಡನ್ನೂ ಸಿಪಿಯು ತಲೆಗೆ ಕಟ್ಟುತ್ತದೆ. ಅದನ್ನು ಓಡಿಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಇಲ್ಲದಿದ್ದರೆ ಅದು ಫೋನ್ ಸಾಕೆಟ್ ಇರುವ ಒಂದು ತಗಡು, ಅಷ್ಟೇ. ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದೆರಡು ಚಿಕ್ಕ ಚಿಪ್, ಒಂದು ರಿಲೇ. ಮಿಕ್ಕಿದ್ದೆಲ್ಲ ಖಾಲಿ ಹಸಿರು ಬೋರ್ಡು.

ಈ ಚಿಪ್ಪಿಗೂ ಒಂದು ಕಾಲದಲ್ಲಿ ಲಿನಕ್ಸ್ ಡ್ರೈವರ್ ಇತ್ತು. ಪುಕ್ಕಟೆ ಸಿಗುತ್ತಿದ್ದದ್ದು 14.4 ಕೆಬಿಪಿಎಸ್‌ಗೆ ಸೀಮಿತ, ಫ್ಯಾಕ್ಸ್ ಅಂತೂ ಇಲ್ಲವೇ ಇಲ್ಲ. ಪೂರ್ತಿ ಬೇಕೆಂದರೆ ಕಾಸು ಕೊಟ್ಟು ಲೈಸೆನ್ಸ್ ತಗೋಬೇಕಿತ್ತು. ಇವತ್ತಿನ ಲಿನಕ್ಸ್ ಕರ್ನಲ್ (ಅದರ ತಿರುಳು) ಮೇಲೆ ಅದು ಕಂಪೈಲೇ ಆಗುವುದಿಲ್ಲ. ಅಂಗಡಿಗೆ ವಾಪಸ್ ಹೋದರೆ “ವಿಂಡೋಸ್ ಹಾಕ್ಕೊಳ್ಳಿ ಸಾರ್” ಎಂಬ ಉಪದೇಶ ಸಿಕ್ಕಿತು. ದುಡ್ಡು ಸಿಗಲಿಲ್ಲ.

ಹಾಗಾಗಿ ಲಿನಕ್ಸ್ ಇರುವ ಲ್ಯಾಪ್‌ಟಾಪನ್ನು ಅಂಗಡಿಗೇ ಒಯ್ಯಿರಿ. ಪಿಸಿಐ ಕಾರ್ಡನ್ನು ಅಲ್ಲಿ ಪರೀಕ್ಷೆ ಮಾಡಲು ಆಗಲ್ಲ, ಅದಕ್ಕೇ ಅದರ ಸಹವಾಸ ಬೇಡ. ಸೀರಿಯಲ್ ಕೇಬಲ್ಲಿನ, ಹೊರಗಡೆ ಇಡುವ ಹಳೇ ಮೋಡೆಮ್ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಬಹುದು. ಯುಎಸ್‌ಬಿಯದಾದರೆ ಸಿಕ್ಕಿಸಿ, ಕರ್ನಲ್ ಬರೆದ ಸಂದೇಶಗಳನ್ನು ತೋರಿಸುವ ‘ಡಿಮೆಸ್ಜ್’ (dmesg) ಕಮಾಂಡ್ ಕೊಟ್ಟು ನೋಡಿ. ಯುಎಸ್‌ಬಿ ಮೋಡೆಮ್‌ಗಳ ಸ್ಟ್ಯಾಂಡರ್ಡ್ ಆದ ‘ಸಿಡಿಸಿ ಎಸಿಎಂ’ (cdc_acm) ಹೆಸರು ಬಂದು ‘ಟಿಟಿವೈಎಸಿಎಂ0’ (ttyACM0) ಎಂಬ ಪೋರ್ಟ್ ಹುಟ್ಟಿಕೊಂಡರೆ ಒಳ್ಳೇ ಲಕ್ಷಣ. ಆಮೇಲೆ ಮೋಡೆಮ್ ಜೊತೆ ನೇರ ಮಾತಾಡುವ ಪ್ರೋಗ್ರಾಂ ಮಿನಿಕಾಮ್ ತೆಗೆದು ‘ಎಟಿ’ ಹೊಡೆಯಿರಿ. ‘ಓಕೆ’ ಬರಬೇಕು. ಫ್ಯಾಕ್ಸ್ ಬೇಕಿದ್ದವರು ‘ಎಟಿ+ಎಫ್‌ಕ್ಲಾಸ್=?’ (AT+FCLASS=?) ಕೂಡ ಕೊಡಿ. ಉತ್ತರದಲ್ಲಿ ಬರೀ 0 ಇದ್ದರೆ ಅದು ಫ್ಯಾಕ್ಸ್‌ಗೆ ಬಾರದು, 1 ಅಥವಾ 2 ಇರಲೇಬೇಕು. ಇದಕ್ಕೆಲ್ಲ ಐದು ನಿಮಿಷ ಸಾಕು.

ಅಸಲಿ ಮೋಡೆಮ್ ಸಿಕ್ಕ ಮೇಲೂ ಕಾಟ ಇದ್ದದ್ದೇ. ಪೋರ್ಟ್ ತೆರೆಯಲು ಪರ್ಮಿಷನ್ ಇಲ್ಲ ಅಂದರೆ ನಿಮ್ಮ ಯೂಸರನ್ನು ‘ಡಯಲ್‌ಔಟ್’ (dialout) ಗುಂಪಿಗೆ ಸೇರಿಸಿ. ಪೋರ್ಟ್ ‘ಬ್ಯುಸಿ’ (busy) ಅಂದರೆ ಮೋಡೆಮ್‌ಮ್ಯಾನೇಜರ್ ಎಂಬ ಸರ್ವೀಸ್ ಅದನ್ನು ಹಿಡಿದು ಕೂತಿರುತ್ತದೆ, ನಿಲ್ಲಿಸಿಬಿಡಿ. ರಿಸೀವರ್ ಎತ್ತಿದರೆ ಕೊಯ್ ಅನ್ನುತ್ತಿದ್ದರೂ ಮೋಡೆಮ್ ‘ನೋ ಡಯಲ್‌ಟೋನ್’ ಅಂತ ಹಟ ಹಿಡಿದರೆ ‘ಎಟಿಎಕ್ಸ್3’ (ATX3) ಕೊಡಿ. ಟೋನ್‌ಗೆ ಕಾಯದೆ ಡಯಲ್ ಮಾಡುತ್ತದೆ.

ಇನ್ನೊಂದು ಮಾತು. ನಿಮ್ಮ ಲ್ಯಾಂಡ್‌ಲೈನ್ ತಾಮ್ರದ ತಂತಿಯದಾ, ಫೈಬರ್‌ನದಾ ಅಂತ ಮೊದಲೇ ವಿಚಾರಿಸಿ. ಫೈಬರ್ ಲೈನಿನಲ್ಲಿ ಮಾತು ಇಂಟರ್ನೆಟ್ ಪ್ಯಾಕೆಟ್ ಆಗಿ ಹೋಗುತ್ತದೆ. ನಾವು ಮಾತಾಡುವಾಗ ಗೊತ್ತೇ ಆಗದ ಚೂರುಪಾರು ತಪ್ಪು ಮೋಡೆಮ್‌ಗೆ ಸಹಿಸಲು ಆಗಲ್ಲ. ಫ್ಯಾಕ್ಸ್ ಅರ್ಧ ಪುಟಕ್ಕೇ ನಿಲ್ಲುತ್ತದೆ. ಅಲ್ಲಿ ಮೋಡೆಮ್ ಬದಲಾಯಿಸಿ ಏನೂ ಪ್ರಯೋಜನವಿಲ್ಲ. ಲೈನ್ ಕೊಟ್ಟವರನ್ನು ಟಿ.38 ಸೌಲಭ್ಯ (ಇಂಟರ್ನೆಟ್ ಮೇಲೆ ಫ್ಯಾಕ್ಸ್ ಸಾಗಿಸುವ ವಿಧಾನ) ಇದೆಯಾ ಅಂತ ಕೇಳಿ, ಇಲ್ಲ ಅಂದರೆ ಮೋಡೆಮ್ ಕೊಳ್ಳಲೇ ಹೋಗಬೇಡಿ.